ನಮ್ಮ ಮಾತಿನ ಸಾರಾಂಶಕ್ಕೆ ರುಜು ಹಾಕುವವರು ಯಾರು?

ಸಭೆಯಲ್ಲಿ ಮಾತನಾಡಿದವರಿಗಿಂತ ಸಭೆಯ ನಡಾವಳಿ ಬರೆದವನ ಕೈ ಮೇಲು ಎಂಬುದು ಸಂಘಗಳಲ್ಲಿ ದುಡಿದವರಿಗೆಲ್ಲ ತಿಳಿದ ಸಂಗತಿ. ಹತ್ತು ಜನ ಎರಡು ಗಂಟೆ ವಾದಿಸಿ ಎದ್ದು ಹೋಗುತ್ತಾರೆ. ವರ್ಷ ಕಳೆದ ಮೇಲೆ ಆ ವಾದ ಯಾರಿಗೂ ನೆನಪಿರುವುದಿಲ್ಲ. ಪುಸ್ತಕದಲ್ಲಿ ಕುಳಿತ ನಾಲ್ಕು ಸಾಲು ಮಾತ್ರ ಉಳಿಯುತ್ತದೆ. ಆದುದರಿಂದಲೇ ಸಂಘ ಕಟ್ಟಿದ ಹಿರಿಯರು ಒಂದು ಕಟ್ಟುಪಾಡು ಮಾಡಿದರು. ಹಿಂದಿನ ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಎಲ್ಲರೆದುರು ಓದಬೇಕು. ತಪ್ಪಿದ್ದರೆ ಅಲ್ಲಿಯೇ ತಿದ್ದಬೇಕು. ಸಭೆ ಒಪ್ಪಿದ ಮೇಲೆ ಅಧ್ಯಕ್ಷರು ರುಜು ಹಾಕಬೇಕು. ಕಾರ್ಯದರ್ಶಿ ಎಷ್ಟೇ ನಂಬಿಗಸ್ತನಿರಲಿ, ಈ ಕಟ್ಟುಪಾಡಿನಿಂದ ಅವನಿಗೆ ಬಿಡುಗಡೆಯಿಲ್ಲ.

ಈ ಕಟ್ಟುಪಾಡನ್ನು ಸದ್ದಿಲ್ಲದೆ ಬದಿಗೆ ಸರಿಸುವ ಒಂದು ಯಂತ್ರ ಈಗ ಕಚೇರಿಗಳಿಗೆ ಬಂದಿದೆ. ನಮ್ಮ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಅದನ್ನು ಅರಿತುಕೊಳ್ಳಬೇಕಾದ ಕಾಲ ಬಂದಿದೆಯೆಂದು ನಮಗೆ ತೋರುವುದರಿಂದ ಈ ಮಾತು ಬರೆಯುತ್ತಿದ್ದೇವೆ.

ಸಂಗತಿ ಹೀಗಿದೆ. ದೊಡ್ಡ ಕಂಪನಿಗಳಲ್ಲಿ ನೌಕರರು ಒಬ್ಬರ ಮೇಜಿಗೆ ಒಬ್ಬರು ಹೋಗಿ ಮಾತನಾಡುವುದು ಈಗ ಕಡಮೆ. ಒಂದೊಂದು ಕೆಲಸಕ್ಕೆ ಒಂದೊಂದು ಗುಂಪು ಮಾಡಿಕೊಂಡು, ನಮ್ಮ ವಾಟ್ಸ್ಆ್ಯಪ್ ಗುಂಪುಗಳಂತೆಯೇ, ಅದರಲ್ಲಿ ಬರೆದು ಮಾತನಾಡುತ್ತಾರೆ. ಇದಕ್ಕೆಂದೇ ಹುಟ್ಟಿದ ಸ್ಲ್ಯಾಕ್ ಎಂಬ ಸಾಧನ ೨೦೧೪ ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆ ಹೆಸರನ್ನು ಬಿಡಿಸಿದರೆ, ಎಲ್ಲ ಸಂಭಾಷಣೆ ಮತ್ತು ತಿಳಿವಳಿಕೆಯ ಹುಡುಕಿ ತೆಗೆಯಬಹುದಾದ ದಾಖಲೆ ಎಂದು ಅರ್ಥವಂತೆ. ಆಡಿದ ಮಾತನ್ನೆಲ್ಲ ದಾಖಲೆ ಮಾಡುವ ಉದ್ದೇಶ ಹೆಸರಿನಲ್ಲಿಯೇ ಇದೆ. ೨೦೧೭ ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಟೀಮ್ಸ್ ಎಂಬುದನ್ನು ಹೊರತಂದಿತು. ೨೦೨೧ ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿ ಸ್ಲ್ಯಾಕನ್ನು ಸುಮಾರು ೨,೭೭೦ ಕೋಟಿ ಡಾಲರಿಗೆ ಕೊಂಡುಕೊಂಡಿತು. ಕೆಲಸಗಾರರ ಮಾತುಕತೆ ನಡೆಯುವ ಕಟ್ಟೆಗೆ ಇಷ್ಟು ಬೆಲೆ!

ಮಾತು ಹೆಚ್ಚಿದಂತೆ ಓದುವುದು ಕಷ್ಟವಾಯಿತು. ಒಂದು ದಿನ ರಜಾ ಹಾಕಿ ಬಂದವನಿಗೆ ನೂರಾರು ಸಂದೇಶಗಳು ಕಾದಿರುತ್ತವೆ. ಇದಕ್ಕೆ ಪರಿಹಾರವೆಂದು ೨೦೨೪ ರ ಫೆಬ್ರವರಿಯಲ್ಲಿ ಸ್ಲ್ಯಾಕ್ ಕೃತಕ ಬುದ್ಧಿಮತ್ತೆಯ ಸಾರಾಂಶವನ್ನು ಮಾರಾಟಕ್ಕೆ ತಂದಿತು. ಮೈಕ್ರೋಸಾಫ್ಟ್ ತನ್ನ ಕೋಪೈಲಟ್ಟನ್ನು ೨೦೨೩ ರ ನವೆಂಬರಿನಲ್ಲಿಯೇ ಕಂಪನಿಗಳಿಗೆ ಮಾರಲು ತೊಡಗಿತ್ತು. ಯಾವ ಯಾವ ಗುಂಪಿನ ಮಾತು ಬೇಕೆಂದು ಒಮ್ಮೆ ಗುರುತು ಹಾಕಿಟ್ಟರೆ ಸಾಕು. ದಿನ ಬೆಳಗಾದರೆ ಯಂತ್ರ ತಾನಾಗಿಯೇ ಅಲ್ಲಿ ನಡೆದ ಮಾತುಕತೆಯನ್ನೆಲ್ಲ ಹಿಂಡಿ, ಹತ್ತು ಸಾಲು ಮಾಡಿ ಮುಂದಿಡುತ್ತದೆ. ಯಾರೂ ಕೇಳಬೇಕಾಗಿಲ್ಲ, ಯಾರೂ ಬರೆಯಬೇಕಾಗಿಲ್ಲ.

ಇದು ಬೆಂಗಳೂರಿನ ಕಚೇರಿಗಳ ಮಾತಾಯಿತು, ನಮಗೇನು ಎಂದು ಯಾರಾದರೂ ಕೇಳಬಹುದು. ಮೊದಲನೆಯದಾಗಿ, ಆ ಕಚೇರಿಗಳಲ್ಲಿ ಕುಳಿತು ದುಡಿಯುತ್ತಿರುವವರು ನಮ್ಮ ಮಕ್ಕಳೇ. ಸಾಲ ಮಾಡಿ ಓದಿಸಿ ಕಳುಹಿಸಿದವರು ನಾವೇ. ಎರಡನೆಯದಾಗಿ, ಈ ಯಂತ್ರ ಆಗಲೇ ನಮ್ಮ ಜೇಬಿನ ಹತ್ತಿರ ಬಂದಿದೆ. ೨೦೨೫ ರ ಜೂನಿನಲ್ಲಿ ವಾಟ್ಸ್ಆ್ಯಪ್ ಕಂಪನಿಯು ಓದದೆ ಉಳಿದ ಸಂದೇಶಗಳ ಸಾರಾಂಶ ಮಾಡಿಕೊಡುವ ಏರ್ಪಾಡನ್ನು ಪ್ರಕಟಿಸಿತು. ಮೊದಲು ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ ಮಾತ್ರ. ಪಾಳಿಯ ಪಟ್ಟಿ, ರಜೆಯ ಕೋರಿಕೆ, ಮಾಲಿನ ದರ, ಬಾಕಿಯ ವಸೂಲಿ ಇವೆಲ್ಲ ಈಗ ವಾಟ್ಸ್ಆ್ಯಪ್ ಗುಂಪುಗಳಲ್ಲಿಯೇ ನಡೆಯುತ್ತಿರುವಾಗ, ಇದು ನಮ್ಮ ಸಂಗತಿಯಲ್ಲವೆಂದು ಸುಮ್ಮನಿರುವುದು ಹೇಗೆ?

ಯಂತ್ರದಿಂದ ಉಪಯೋಗವಿಲ್ಲವೆಂದು ನಾವು ಹೇಳುವುದಿಲ್ಲ. ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ತಾಯಿ, ರಾತ್ರಿ ಪಾಳಿ ಮಾಡಿ ಹಗಲು ಮಲಗಿ ಎದ್ದವನು, ಜ್ವರದಿಂದ ವಾರ ಮಲಗಿದ್ದವನು, ಇವರಿಗೆ ಹಿಂದಿನದನ್ನೆಲ್ಲ ಓದುವ ಶಕ್ತಿ ಎಲ್ಲಿಯದು? ಏನಾಯಿತೆಂದು ಯಾರಾದರೂ ಸುಳುವಾಗಿ ಹೇಳಿದರೆ ಅದು ಉಪಕಾರವೇ ಸರಿ. ಮಗ್ಗವನ್ನು ಮುರಿಯಿರಿ ಎಂದು ನೇಕಾರನಿಗೆ ಹೇಳುವವರು ನಾವಲ್ಲ. ಮಗ್ಗದ ಮೇಲೆ ಯಾರ ಕೈ ಇರಬೇಕೆಂಬುದೇ ನಮ್ಮ ಪ್ರಶ್ನೆ.

ಸಾರಾಂಶವೆಂಬುದು ಏನು? ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಮೂರನೆಯ ಒಂದು ಭಾಗಕ್ಕೆ ಸಂಗ್ರಹಿಸಿ ಬರೆಯಿರಿ ಎಂದು ಮಕ್ಕಳಿಗೆ ಕೊಡುತ್ತಿದ್ದೆವು. ನಲವತ್ತು ಮಕ್ಕಳು ನಲವತ್ತು ಬಗೆಯಾಗಿ ಬರೆದು ತರುತ್ತಿದ್ದರು. ತಿಳಿಯದ ಮಾತನ್ನು ಬಿಟ್ಟುಬಿಡುವುದು, ತಿಳಿದಂತೆ ಕಂಡದ್ದನ್ನು ದೊಡ್ಡದು ಮಾಡುವುದು, ನಡುವೆ ಬಿಟ್ಟುಹೋದದ್ದನ್ನು ತಮ್ಮ ಊಹೆಯಿಂದ ತುಂಬುವುದು ಇದ್ದೇ ಇತ್ತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸದೆ ಯಾರೂ ಸಾರಾಂಶ ಬರೆಯಲಾರರು. ನಿರ್ಧಾರವಿರುವಲ್ಲಿ ಅಧಿಕಾರವಿದೆ. ಯಂತ್ರ ಬರೆದರೂ ಅಷ್ಟೇ.

ಯಂತ್ರ ಎಡವುವುದಿಲ್ಲವೆಂಬ ಭ್ರಮೆ ಬೇಡ. ೨೦೨೪ ರ ಡಿಸೆಂಬರಿನಲ್ಲಿ ಆ್ಯಪಲ್ ಕಂಪನಿಯ ಫೋನು, ಬಿ.ಬಿ.ಸಿ.ಯ ಸುದ್ದಿಗಳನ್ನು ತಾನೇ ಸಂಕ್ಷೇಪಿಸಿ, ನ್ಯೂಯಾರ್ಕಿನ ಒಂದು ಕೊಲೆಯ ಆರೋಪಿ ತನಗೆ ತಾನೇ ಗುಂಡು ಹೊಡೆದುಕೊಂಡನೆಂದು ಸಾರಿತು. ಅಂಥದೇನೂ ನಡೆದಿರಲಿಲ್ಲ, ಬಿ.ಬಿ.ಸಿ. ಹಾಗೆ ಹೇಳಿಯೂ ಇರಲಿಲ್ಲ. ಆದರೆ ಸುಳ್ಳು ಹೊರಟದ್ದು ಅದರ ಹೆಸರಿನಲ್ಲಿ. ಬಿ.ಬಿ.ಸಿ. ದೂರು ಕೊಟ್ಟಿತು, ೨೦೨೫ ರ ಜನವರಿಯಲ್ಲಿ ಆ್ಯಪಲ್ ಸುದ್ದಿಗಳ ಸಾರಾಂಶವನ್ನು ನಿಲ್ಲಿಸಬೇಕಾಯಿತು. ಬಿ.ಬಿ.ಸಿ.ಯಂಥ ಸಂಸ್ಥೆ ಕೂಗಿದರೆ ಲೋಕ ಕೇಳುತ್ತದೆ. ನೂಲುವ ಖಾತೆಯಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳು, ನಾನು ಹಾಗೆ ಹೇಳಿಲ್ಲ ಎಂದು ಕೂಗಿದರೆ ಕೇಳುವವರು ಯಾರು?

ಒಂದು ಉದಾಹರಣೆ ನೋಡೋಣ. ಗುರುವಾರ ರಾತ್ರಿ ಪಾಳಿಗೆ ಬರಲಾದೀತೇ ಎಂದು ಮೇಸ್ತ್ರಿ ಗುಂಪಿನಲ್ಲಿ ಕೇಳುತ್ತಾನೆನ್ನಿ. ಮಗನಿಗೆ ಮೈ ಬಿಸಿ ಇದೆ, ನೋಡೋಣ ಅಣ್ಣಾ ಎಂದು ಕೆಲಸಗಾರ ಬರೆಯುತ್ತಾನೆ. ನಮ್ಮ ನಾಡಿನಲ್ಲಿ ‘ನೋಡೋಣ’ ಎಂದರೆ ಏನೆಂದು ಮೇಸ್ತ್ರಿಗೆ ಗೊತ್ತು. ಆಗುವುದಿಲ್ಲವೆಂದು ಮುಖ ಮುರಿದು ಹೇಳಲಾರದವನ ಮರ್ಯಾದೆಯ ಮಾತು ಅದು. ಸಾಲ ಕೇಳಿದವನಿಗೆ ಅಂಗಡಿಯವರು ‘ನಾಳೆ ನೋಡೋಣ’ ಎನ್ನುವುದೂ ಇದೇ ಜಾತಿಯ ಮಾತು. ಯಂತ್ರಕ್ಕೆ ಈ ಮರ್ಯಾದೆ ತಿಳಿದೀತೇ? ಇಂಥವರು ಗುರುವಾರದ ಪಾಳಿಯನ್ನು ಪರಿಶೀಲಿಸಲು ಒಪ್ಪಿದ್ದಾರೆ ಎಂದು ಅದು ಬರೆದರೆ, ಮೇಲಿನವನು ಅದನ್ನು ಒಪ್ಪಿದ್ದಾರೆ ಎಂದೇ ಓದಿಕೊಳ್ಳುತ್ತಾನೆ. ಶುಕ್ರವಾರ ಬೆಳಗ್ಗೆ ಆ ಕೆಲಸಗಾರ ಮಾತಿಗೆ ತಪ್ಪಿದವನಾಗುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿಯ ಪೂಜಾರಿ ಕೊಡದವನ ಕೈಯಿಂದಲೂ ವರ ಕೊಡಿಸಿಬಿಡುತ್ತಾನೆ!

ವ್ಯಾಪಾರಸ್ಥ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದಂದಿನ ಜಮಾ ಖರ್ಚನ್ನು ಕಿರ್ದಿಯಲ್ಲಿ ಬರೆದು, ಅಲ್ಲಿಂದ ಖಾತೆಗೆ ಎತ್ತುವುದು ನಿಮ್ಮ ಪದ್ಧತಿ. ಖಾತೆಯ ಬಾಕಿಗೆ ತಕರಾರು ಬಂದರೆ ಕಿರ್ದಿ ತೆಗೆದು ತಾಳೆ ನೋಡುತ್ತೀರಿ. ಕಿರ್ದಿಗೂ ತಕರಾರು ಬಂದರೆ ಚೀಟಿ ಹುಡುಕುತ್ತೀರಿ. ಕಿರ್ದಿ ಯಾತಕ್ಕೆ, ಖಾತೆಯೊಂದನ್ನೇ ನಂಬಿ ಎಂದು ಹೇಳುವ ಗುಮಾಸ್ತನನ್ನು ಯಾವ ಸಾಹುಕಾರನೂ ಒಂದು ದಿನ ಅಂಗಡಿಯಲ್ಲಿ ಇಟ್ಟುಕೊಳ್ಳಲಾರ. ಈ ಯಂತ್ರ ಅಂಥದೊಂದು ಖಾತೆ. ಅದರಲ್ಲಿಯೂ ರೂಪಾಯಿ ಪೈಸೆಯ ಲೆಕ್ಕಕ್ಕೆ ಕೂಡು ಕಳೆ ಎಂಬ ಪರೀಕ್ಷೆಯಿದೆ. ಮನುಷ್ಯನ ಮಾತಿಗೆ ಆ ಪರೀಕ್ಷೆಯೂ ಇಲ್ಲ. ಆಡಿದವನನ್ನೇ ಕೇಳಬೇಕು.

ಮೂಲ ಸಂದೇಶಗಳು ಅಲ್ಲಿಯೇ ಇರುತ್ತವೆ, ಅನುಮಾನ ಬಂದವರು ತೆರೆದು ನೋಡಿಕೊಳ್ಳಲಿ ಎಂದು ಯಂತ್ರದ ಪರವಾಗಿ ಹೇಳುವವರುಂಟು. ಮಾತು ಕೇಳಲು ಸರಿಯಾಗಿದೆ. ಆದರೆ ಮೂಲವನ್ನು ಓದುವ ಹೊತ್ತಿಲ್ಲವೆಂದೇ ಸಾರಾಂಶ ಕೊಂಡವನು ಮೂಲವನ್ನು ಏಕೆ ತೆರೆಯುತ್ತಾನೆ? ಅಲ್ಲದೆ ಮೂಲ ಎಷ್ಟು ದಿನ ಇರುತ್ತದೆ? ಸ್ಲ್ಯಾಕಿನ ಉಚಿತ ಖಾತೆಯಲ್ಲಿ ೯೦ ದಿನಕ್ಕಿಂತ ಹಿಂದಿನ ಮಾತು ಕಾಣಿಸುವುದಿಲ್ಲ. ವರ್ಷ ದಾಟಿದ್ದನ್ನು ೨೦೨೪ ರ ಆಗಸ್ಟಿನಿಂದ ಅಳಿಸಲಾಗುತ್ತಿದೆ. ಸಾರಾಂಶವನ್ನಾದರೋ ಯಾರು ಬೇಕಾದರೂ ನಕಲು ಮಾಡಿ ಕಡತಕ್ಕೆ ಸೇರಿಸಬಹುದು. ಕಿರ್ದಿ ಸುಟ್ಟುಹೋಗಿ ಖಾತೆ ಮಾತ್ರ ಉಳಿದ ಅಂಗಡಿಯಲ್ಲಿ ಸಾಲಗಾರನ ಗತಿಯೇನೆಂದು ಯೋಚಿಸಿರಿ.

ದಿನದಿನವೂ ಬರುವ ಸಾರಾಂಶದಲ್ಲಿ ಇನ್ನೊಂದು ಅಪಾಯವಿದೆ. ಒಂದು ದಿನದ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಮೂವತ್ತು ದಿನದ ಸಾರಾಂಶಗಳನ್ನು ಸಾಲಾಗಿ ಇಟ್ಟರೆ ಅದೊಂದು ಮನುಷ್ಯನ ಜಾತಕವಾಗುತ್ತದೆ. ಇವನು ಯಾವಾಗಲೂ ಆಕ್ಷೇಪಿಸುವವನು, ಇವಳು ತಡಮಾಡುವವಳು, ಇವರಿಬ್ಬರೂ ಒಂದು ಕಡೆ ಎಂದು ಮೇಲಿನವರು ತೀರ್ಮಾನಿಸುತ್ತಾರೆ. ಹತ್ತು ಜನ ಹೂಂ ಎಂದು, ಒಬ್ಬ ಮಾತ್ರ ಬೇಡ, ಇದರಿಂದ ಕೈಗೆ ಪೆಟ್ಟಾದೀತು ಎಂದು ಹೇಳಿದ್ದರೆ, ಎಲ್ಲರೂ ಒಪ್ಪಿದರು ಎಂಬ ಸಾಲಿನಲ್ಲಿ ಆ ಒಬ್ಬನ ಎಚ್ಚರಿಕೆ ಹೂತುಹೋಗುತ್ತದೆ. ನಾಳೆ ಕೈಗೆ ಪೆಟ್ಟಾದಾಗ ಅವನು ಎಚ್ಚರಿಸಿದ್ದಕ್ಕೆ ಸಾಕ್ಷಿ ಎಲ್ಲಿ?

ನಮ್ಮದು ಬರೀ ಸಂಶಯವೆಂದು ತಿಳಿಯಬೇಡಿ. ೨೦೨೨ ರ ಏಪ್ರಿಲಿನಲ್ಲಿ ಅಮೆರಿಕದ ಇಂಟರ್‌ಸೆಪ್ಟ್ ಪತ್ರಿಕೆ ಒಂದು ಸುದ್ದಿ ಹೊರಗೆಡಹಿತು. ಅಮೆಜಾನ್ ಕಂಪನಿ ತನ್ನ ಕೆಲಸಗಾರರಿಗೆ ಮಾತುಕತೆಯ ಸಾಧನವೊಂದನ್ನು ಕೊಡಲು ಯೋಜಿಸಿತ್ತು. ಅದರಲ್ಲಿ ತಡೆಹಿಡಿಯಬೇಕಾದ ಮಾತುಗಳ ಪಟ್ಟಿಯಲ್ಲಿ ಯೂನಿಯನ್, ಸಂಬಳದ ಏರಿಕೆ, ಶೌಚಾಲಯ ಎಂಬ ಮಾತುಗಳಿದ್ದವು. ಆ ಯೋಜನೆಗೆ ಇನ್ನೂ ಒಪ್ಪಿಗೆಯಾಗಿಲ್ಲ, ಬದಲಾಗಬಹುದು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ೨೦೨೪ ರ ಫೆಬ್ರವರಿಯಲ್ಲಿ ಸಿ.ಎನ್.ಬಿ.ಸಿ. ಸುದ್ದಿಸಂಸ್ಥೆ, ವಾಲ್‌ಮಾರ್ಟ್, ಸ್ಟಾರ್‌ಬಕ್ಸ್ ಮೊದಲಾದ ಕಂಪನಿಗಳು ಸ್ಲ್ಯಾಕ್, ಟೀಮ್ಸ್‌ಗಳಲ್ಲಿ ನೌಕರರು ಆಡುವ ಮಾತಿನ ಧಾಟಿಯನ್ನು ಅಳೆಯಲು ಅವೇರ್ ಎಂಬ ಸಂಸ್ಥೆಯ ಕೃತಕ ಬುದ್ಧಿಮತ್ತೆಯನ್ನು ಬಳಸುತ್ತಿವೆಯೆಂದು ವರದಿ ಮಾಡಿತು. ಹಿಂದೆ ಗಿರಣಿಯಲ್ಲಿ ಚಹಾದಂಗಡಿಯ ಮಾತನ್ನು ಮ್ಯಾನೇಜರಿಗೆ ಮುಟ್ಟಿಸಲು ಒಬ್ಬ ಚಾಡಿಕೋರ ಬೇಕಾಗಿತ್ತು. ಅವನ ಮುಖ ನಮಗೆ ಗೊತ್ತಿತ್ತು. ಅವನು ಬಂದರೆ ಮಾತು ಬದಲಿಸುತ್ತಿದ್ದೆವು. ಮುಖವಿಲ್ಲದ ಚಾಡಿಕೋರನೆದುರು ಮಾತು ಬದಲಿಸುವುದು ಹೇಗೆ?

ಉಳಿದ ಹೊತ್ತು ಯಾರ ಪಾಲಿಗೆ ಎಂಬುದೂ ಒಂದು ಪ್ರಶ್ನೆ. ಈ ಯಂತ್ರ ನೌಕರನ ಹೊತ್ತನ್ನು ಉಳಿಸುತ್ತದೆಯೆಂದು ಮಾರುವವರು ಸಾರುತ್ತಿದ್ದಾರೆ. ಗಿರಣಿಯವರಿಗೆ ಈ ರಾಗ ಹೊಸದಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರನ ಕೈಗೆ ಮೂರು ಮಗ್ಗ ಕೊಡಲು ಮಾಲೀಕರು ಹೊರಟಾಗಲೂ ದಕ್ಷತೆಯ ಮಾತನ್ನೇ ಆಡಿದರು. ೧೯೨೮ ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಲಕ್ಷಕ್ಕೂ ಮಿಕ್ಕ ಕೆಲಸಗಾರರು ಮುಷ್ಕರ ಹೂಡಿದ್ದಕ್ಕೆ ಅದೂ ಒಂದು ಕಾರಣ. ಇಂದು ಐದು ಗುಂಪುಗಳ ಮಾತು ಓದುತ್ತಿದ್ದವನಿಗೆ ಸಾರಾಂಶ ಕೊಟ್ಟು ಹದಿನೈದು ಗುಂಪು ವಹಿಸಿದರೆ, ಅದು ಮೂರನೆಯ ಮಗ್ಗವೇ ಆಯಿತಲ್ಲವೇ? ಹೊತ್ತು ಉಳಿಯುತ್ತದೆಯೆಂಬ ಮಾತಿನ ನಡುವೆಯೇ, ೨೦೨೪ ರ ಜುಲೈಯಲ್ಲಿ ನಮ್ಮ ರಾಜ್ಯದ ಐ.ಟಿ. ಕಚೇರಿಗಳಲ್ಲಿ ದಿನಕ್ಕೆ ೧೪ ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾಪ ಬಂತು, ಐ.ಟಿ. ನೌಕರರ ಸಂಘ ಅದನ್ನು ಎದುರಿಸಿ ನಿಲ್ಲಬೇಕಾಯಿತು. ಉಳಿದ ಹೊತ್ತು ಮನೆಗೆ ಬಂದೀತೆಂದು ನಂಬುವುದು ಹೇಗೆ?

ಕಾನೂನು ಏನು ಹೇಳುತ್ತದೆ? ೨೦೨೩ ರಲ್ಲಿ ಪಾರ್ಲಿಮೆಂಟು ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಒಂದು ಕಾಯಿದೆ ಮಾಡಿತು. ಅದರ ನಿಯಮಗಳು ೨೦೨೫ ರ ನವೆಂಬರಿನಲ್ಲಿ ಪ್ರಕಟವಾದವು; ಹಂತ ಹಂತವಾಗಿ ಜಾರಿಗೆ ಬರುವ ಏರ್ಪಾಡು. ಅದರ ೭ ನೆಯ ಕಲಮಿನ ಪ್ರಕಾರ, ಉದ್ಯೋಗದ ಉದ್ದೇಶಕ್ಕಾಗಿ, ಅಥವಾ ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕಾಗಿ, ನೌಕರನ ಒಪ್ಪಿಗೆ ಕೇಳದೆಯೇ ಅವನ ಮಾಹಿತಿಯನ್ನು ಬಳಸಬಹುದು. ೧೨ ನೆಯ ಕಲಮು ತಪ್ಪು ಮಾಹಿತಿಯನ್ನು ತಿದ್ದಿಸುವ ಹಕ್ಕು ಕೊಡುತ್ತದೆ. ಆದರೆ ಆ ಹಕ್ಕು ಒಪ್ಪಿಗೆಯಿಂದ ಪಡೆದ ಮಾಹಿತಿಗೆ ಸಂಬಂಧಿಸಿದ್ದು. ಹೀಗಿರುವಲ್ಲಿ, ಒಪ್ಪಿಗೆ ಕೇಳದೆ ಬಳಸಿಕೊಂಡ ಮಾತನ್ನು ತಿದ್ದಿಸುವ ಹಕ್ಕು ಕೆಲಸಗಾರನ ಕೈತಪ್ಪುತ್ತದೆ. ಬಾಗಿಲು ಕೊಟ್ಟು ಬೀಗದ ಕೈ ಇಟ್ಟುಕೊಂಡಂತಾಯಿತು. ಒಂದು ಕಿಂಡಿ ಮಾತ್ರ ಇದೆ. ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಮಾಹಿತಿ ಬಳಕೆಯಾಗುವಂತಿದ್ದರೆ ಅದು ಪೂರ್ಣವಾಗಿಯೂ ಸರಿಯಾಗಿಯೂ ಇರುವಂತೆ ನೋಡಿಕೊಳ್ಳುವುದು ಸಂಸ್ಥೆಯ ಹೊಣೆಯೆಂದು ೮ ನೆಯ ಕಲಮು ಹೇಳುತ್ತದೆ. ಈ ಕಿಂಡಿಯನ್ನು ಬಾಗಿಲು ಮಾಡುವುದು ಸಂಘಗಳ ಕೆಲಸ.

ಆದುದರಿಂದ ಈ ಯಂತ್ರ ಎಲ್ಲಿ ಬಂದರೂ ನಾವು ಕೇಳಬೇಕಾದುದು ಇಷ್ಟು.

ಮೊದಲನೆಯದು, ಯಾವ ಗುಂಪಿನ ಮಾತಿಗೆ ಸಾರಾಂಶ ತೆಗೆಯಲಾಗುತ್ತಿದೆ, ಅದು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮಾತನಾಡುವವರಿಗೆಲ್ಲ ಮೊದಲೇ ತಿಳಿಸಬೇಕು.

ಎರಡನೆಯದು, ಮೇಲಿನವನಿಗೆ ಹೋಗುವ ಸಾರಾಂಶ ಅದೇ ಹೊತ್ತಿಗೆ ಗುಂಪಿನ ಎಲ್ಲರಿಗೂ ಬರಬೇಕು. ತನ್ನ ಮಾತು ತಪ್ಪಾಗಿದೆಯೆಂದು ಯಾರಾದರೂ ಹೇಳಿದರೆ ಆ ತಿದ್ದುಪಡಿ ಸಾರಾಂಶದ ಪಕ್ಕದಲ್ಲಿಯೇ ಇರಬೇಕು. ನಡಾವಳಿಯನ್ನು ಓದಿ ಒಪ್ಪಿಸುವ ಹಳೆಯ ಪದ್ಧತಿ ಯಂತ್ರಕ್ಕೂ ಅನ್ವಯಿಸಲಿ.

ಮೂರನೆಯದು, ಎಚ್ಚರಿಕೆ ಪತ್ರ, ಸಂಬಳ ಕಡಿತ, ಬಡ್ತಿ, ವಜಾ ಇವುಗಳಲ್ಲಿ ಯಂತ್ರದ ಸಾರಾಂಶವನ್ನು ಸಾಕ್ಷ್ಯವಾಗಿ ತರಕೂಡದು. ತರುವುದಾದರೆ ಮೂಲ ಮಾತನ್ನೇ, ಅದರ ಹಿಂದುಮುಂದಿನ ಮಾತುಗಳ ಸಹಿತ ತರಲಿ.

ನಾಲ್ಕನೆಯದು, ಸಾರಾಂಶ ಇರುವವರೆಗೂ ಮೂಲ ಇರಬೇಕು. ಮೂಲ ಅಳಿಸಿದರೆ ಸಾರಾಂಶವೂ ಅಳಿಯಬೇಕು.

ಐದನೆಯದು, ಸಂಘದ ಮಾತು ಯಂತ್ರದ ಕಿವಿಗೆ ಬೀಳಬಾರದು. ಇದಕ್ಕೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಕಂಪನಿ ಕೊಟ್ಟ ಸಾಧನದಲ್ಲಿ ಸಂಘದ ಮಾತು ಆಡದಿರುವುದು ನಮ್ಮ ಕೈಯಲ್ಲಿದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ೨೦೨೫ ರ ಏಪ್ರಿಲಿನಿಂದ ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಎಂಬ ಒಂದು ಏರ್ಪಾಡಿದೆ; ಅದನ್ನು ಹಾಕಿಟ್ಟರೆ ಆ ಗುಂಪಿನ ಮಾತನ್ನು ಕಟ್ಟಿ ಹೊರಗೆ ಸಾಗಿಸಲಾಗದು, ಕೃತಕ ಬುದ್ಧಿಮತ್ತೆಯ ಕೆಲಸಗಳಿಗೆ ಬಳಸಲೂ ಆಗದು. ವಾಟ್ಸ್ಆ್ಯಪಿನ ಸಾರಾಂಶವನ್ನು ಒಬ್ಬ ಸದಸ್ಯ ತೆಗೆದನೆಂಬುದು ಗುಂಪಿನ ಉಳಿದವರಿಗೆ ತಿಳಿಯುವುದಿಲ್ಲವಾದುದರಿಂದ, ಸಂಘದ ಗುಂಪುಗಳೂ ವರ್ತಕರ ಗುಂಪುಗಳೂ ಇದನ್ನು ಇಂದೇ ಹಾಕಿಕೊಳ್ಳುವುದು ಲೇಸು. ಮನೆಯಲ್ಲಿ ಓದಿದ ಮಗನೋ ಮಗಳೋ ಇದ್ದರೆ ಐದು ನಿಮಿಷದ ಕೆಲಸ.

ಈ ಐದರಲ್ಲಿ ಯಾವುದೂ ಯಂತ್ರವನ್ನು ನಿಲ್ಲಿಸುವ ಮಾತಲ್ಲ, ಮಾಲೀಕರ ಗಂಟು ಕರಗಿಸುವ ಮಾತೂ ಅಲ್ಲ. ಸಂಘದ ಬಡ ಕಾರ್ಯದರ್ಶಿಗೆ ನಾವು ಹಾಕಿದ ಕಟ್ಟುಪಾಡನ್ನೇ ಸಾವಿರಾರು ಕೋಟಿಯ ಯಂತ್ರಕ್ಕೂ ಹಾಕಿರಿ ಎನ್ನುತ್ತಿದ್ದೇವೆ. ಇಷ್ಟನ್ನೂ ಕೊಡಲಾಗದೆಂದು ಯಾರಾದರೂ ಹೇಳಿದರೆ, ಅವರಿಗೆ ಬೇಕಾಗಿರುವುದು ನಮ್ಮ ಮಾತಿನ ಸಾರವೋ ಅಥವಾ ನಮ್ಮ ಮೇಲಿನ ಕಾವಲೋ ಎಂಬುದು ಆಗಲೇ ತಿಳಿದುಹೋಗುತ್ತದೆ.

ಮುಂದಿನ ತಿಂಗಳ ಸಂಘದ ಸಭೆಗಳಲ್ಲಿ ಈ ಐದು ಬೇಡಿಕೆಗಳನ್ನು ಠರಾವಾಗಿ ಮಂಡಿಸಿರಿ. ಚರ್ಚೆ ಮಾಡಿರಿ, ಬೇಕಾದಲ್ಲಿ ತಿದ್ದಿರಿ. ಆ ಮೇಲೆ ನಡಾವಳಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ ರುಜು ಹಾಕಿಸಿರಿ.